‘ಗಾರ್ಡನ್ ಡಿಸೈನ್’ ಓದಲು ಫಾರಿನ್ ಸ್ಕಾಲರ್‌ಶಿಪ್: ಫಾರ್ವರ್ಡ್‌ನಲ್ಲಿ ನಿಜವೆಷ್ಟು?

“ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದುವವರಿಗೆ ಅಮೆರಿಕದಲ್ಲಿ 25,000 ಡಾಲರ್ ಸ್ಕಾಲರ್‌ಶಿಪ್. ಜರ್ಮನಿಯಲ್ಲಾದರೆ ಎಲ್ಲವೂ ಫ್ರೀ. ಯಾರು ಬೇಕಾದರೂ ಅರ್ಜಿ ಹಾಕಬಹುದು. ಹತ್ತು ಗ್ರೂಪಿಗೆ ಕಳಿಸಿ, ಒಬ್ಬ ಬಡ ವಿದ್ಯಾರ್ಥಿಗಾದರೂ ಉಪಕಾರವಾಗಲಿ.”

ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಳಗೇ ಯಾರಾದರೂ “ಗಾರ್ಡನ್ ಮಾಡೋಕೆ ಮಾಸ್ಟರ್ಸ್ ಬೇಕಾ?” ಎಂದು ನಗುವ ಎಮೋಜಿ ಹಾಕಿರುತ್ತಾರೆ. ಸಂದೇಶ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೂ ಅಲ್ಲೇ. ಅರ್ಧ ನಿಜವನ್ನು ನಂಬಿ ಮನೆಯವರು ಸೈಟು ಅಡವಿಟ್ಟು ಮಗಳನ್ನು ವಿಮಾನ ಹತ್ತಿಸಿದ ಮೇಲೆ ಉಳಿದರ್ಧ ಗೊತ್ತಾದರೆ ಮಾಡುವುದೇನು? ಹಾಗಾಗಿ ಸಂದೇಶದ ಒಂದೊಂದೇ ಸಾಲನ್ನು ಬಿಡಿಸಿ ನೋಡೋಣ.

ಮೊದಲು ಆ ಎಮೋಜಿಯ ವಿಷಯ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಎಂದರೆ ಹೂಕುಂಡ ಜೋಡಿಸುವುದಲ್ಲ. ಮಳೆ ನೀರು ಎತ್ತ ಹರಿಯಬೇಕು, ಎಲ್ಲಿ ಇಂಗಬೇಕು, ಕೆರೆ ದಂಡೆಯ ಇಳಿಜಾರು ಎಷ್ಟಿರಬೇಕು, ಫುಟ್‌ಪಾತಿನ ಮರಕ್ಕೆ ಬೇರು ಬಿಡಲು ಎಷ್ಟು ಮಣ್ಣು ಬೇಕು, ಮುಚ್ಚಿದ ಗಣಿಯ ಜಾಗವನ್ನು ಮತ್ತೆ ಹಸಿರು ಮಾಡುವುದು ಹೇಗೆ ಎಂಬುದೆಲ್ಲ ಇದರ ಪಾಠ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಐಟಿ ಬಡಾವಣೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಜನ ಆಫೀಸಿಗೆ ಹೋದದ್ದು ನೆನಪಿದೆಯಲ್ಲ? ರಾಜಕಾಲುವೆ, ಕೆರೆ, ಬಡಾವಣೆ ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸುವ ಕಸುಬು ಇದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ವಿನ್ಯಾಸ ಮಾಡಿದ ಫ್ರೆಡ್ರಿಕ್ ಲಾ ಓಲ್ಮ್‌ಸ್ಟೆಡ್ ಹೆಸರನ್ನು ಈ ಕಸುಬಿನವರು ಗುರುವಿನ ಹೆಸರಿನಂತೆ ಹೇಳುತ್ತಾರೆ. ನಮ್ಮಲ್ಲಿ ಆ ಸಾಲಿಗೆ ಬರುವವರು ಕ್ರುಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತು, 1908ರಲ್ಲಿ ಲಾಲ್‌ಬಾಗ್‌ಗೆ ಬಂದವರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಮರ ಅರಳುತ್ತದಲ್ಲ, ಆ ಲೆಕ್ಕಾಚಾರದಲ್ಲಿ ಅವರ ಕೈ ಇದೆ.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಈ ವಿಷಯದ ಹೆಸರಿನಲ್ಲೇ ಇರುವ ಸ್ಕಾಲರ್‌ಶಿಪ್‌ಗಳು ಬಹಳ ಕಡಿಮೆ. ಹಣ ಇರುವುದು ಆರ್ಕಿಟೆಕ್ಚರ್, ನಗರ ಯೋಜನೆ, ಪರಿಸರ, ಹವಾಮಾನ, ಪಾರಂಪರಿಕ ತಾಣಗಳ ಸಂರಕ್ಷಣೆ ಎಂಬ ಬೇರೆ ಬೇರೆ ಬೋರ್ಡುಗಳ ಕೆಳಗೆ. “ಲ್ಯಾಂಡ್‌ಸ್ಕೇಪ್ ಸ್ಕಾಲರ್‌ಶಿಪ್” ಎಂದು ಗೂಗಲ್ ಮಾಡಿ ಏನೂ ಸಿಗದೆ ಕೈಚೆಲ್ಲುವವರೂ, ಸಿಕ್ಕ ಒಂದೇ ಫಾರ್ವರ್ಡನ್ನು ನಂಬುವವರೂ ಎಡವುವುದು ಇಲ್ಲೇ.

25,000 ಡಾಲರ್ ಎಲ್ಲಿಂದ ಬಂತು?

ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಫೌಂಡೇಶನ್ ಓಲ್ಮ್‌ಸ್ಟೆಡ್ ಹೆಸರಿನಲ್ಲಿ ಒಂದು ಪುರಸ್ಕಾರ ಕೊಡುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಸಿಗುವ ಮೊತ್ತ 25,000 ಡಾಲರ್. ಇಲ್ಲಿಯವರೆಗೆ ಫಾರ್ವರ್ಡ್ ಸರಿ. ಆದರೆ ದಾವಣಗೆರೆಯಲ್ಲಿ ಕೂತು ಲಿಂಕ್ ಒತ್ತಿ ಇದಕ್ಕೆ ಅರ್ಜಿ ಹಾಕಲು ಆಗುವುದಿಲ್ಲ. ಅಲ್ಲಿನ ಮಾನ್ಯತೆ ಪಡೆದ ಕೋರ್ಸಿನಲ್ಲಿ ಆಗಲೇ ಓದುತ್ತಿರಬೇಕು, ನಿಮ್ಮ ವಿಭಾಗದ ಅಧ್ಯಾಪಕರೇ ನಿಮ್ಮ ಹೆಸರು ಸೂಚಿಸಬೇಕು. ಹಾಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಬಂದ ಹೆಸರುಗಳಲ್ಲಿ ಒಬ್ಬರಿಗೆ ದೊಡ್ಡ ಮೊತ್ತ. ಅದು ಓದಿಗೆ ಕೊಡುವ ಫೀಸಲ್ಲ, ನಾಯಕತ್ವಕ್ಕೆ ಕೊಡುವ ಬಹುಮಾನ. ಅದನ್ನು ನಂಬಿಕೊಂಡು ಬಜೆಟ್ ಹಾಕುವುದೂ ಒಂದೇ, ಲಾಟರಿ ನಂಬಿ ಮದುವೆ ಗೊತ್ತು ಮಾಡುವುದೂ ಒಂದೇ.

ಅಮೆರಿಕದಲ್ಲಿ ಹೆಚ್ಚು ಜನರ ಕೈ ಹಿಡಿಯುವುದು ಬೇರೆಯದು: ಅಸಿಸ್ಟೆಂಟ್‌ಶಿಪ್. ಪ್ರೊಫೆಸರಿಗೆ ಪಾಠದಲ್ಲೋ ಸಂಶೋಧನೆಯಲ್ಲೋ ವಾರಕ್ಕೆ ಇಷ್ಟು ಗಂಟೆ ನೆರವಾಗಬೇಕು, ಬದಲಿಗೆ ತಿಂಗಳ ಸಂಬಳ, ಜೊತೆಗೆ ಬೋಧನಾ ಶುಲ್ಕದಲ್ಲಿ ಪೂರ್ತಿಯೋ ಭಾಗಶಃವೋ ಮಾಫಿ. ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸದ ಮಿತಿ ಇದೆ, ಇದು ಆ ಮಿತಿಯ ಒಳಗೇ ಬರಬೇಕು. ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯಗಳಿಗಿಂತ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಹುಡುಕುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಇಂಥದ್ದು ಯಾವ ಸ್ಕಾಲರ್‌ಶಿಪ್ ವೆಬ್‌ಸೈಟಿನ ಪಟ್ಟಿಯಲ್ಲೂ ಎದ್ದು ಕಾಣುವುದಿಲ್ಲ. ವಿಭಾಗಕ್ಕೆ ನೇರವಾಗಿ ಇಮೇಲ್ ಬರೆದು ಕೇಳಬೇಕು.

ಕೇಳುವಾಗ ಪ್ರಶ್ನೆ ಸರಿಯಾಗಿರಲಿ. “ಸ್ಕಾಲರ್‌ಶಿಪ್ ಕೊಡುತ್ತೀರಾ?” ಎಂದರೆ “ಹೌದು” ಎಂಬ ಉತ್ತರ ಸುಲಭವಾಗಿ ಬರುತ್ತದೆ. ಕೇಳಬೇಕಾದ್ದು ಇದು: ಮೊದಲ ವರ್ಷದಿಂದಲೇ ಸಿಗುತ್ತದೆಯೇ? ಎರಡನೇ ವರ್ಷಕ್ಕೂ ಖಚಿತವೇ? ಮಾಫಿ ಶೇಕಡಾ ಎಷ್ಟು? ಉತ್ತರ ಬರಹದಲ್ಲಿರಲಿ.

ಈ ಶೇಕಡಾ ಲೆಕ್ಕದಲ್ಲಿ ಮೋಸ ಹೋಗುವವರು ಬಹಳ. ಉದಾಹರಣೆಗೆ ವರ್ಷದ ಬೋಧನಾ ಶುಲ್ಕ 40,000 ಡಾಲರ್, ಮನೆ ಬಾಡಿಗೆ-ಊಟ-ವಿಮೆ 20,000 ಡಾಲರ್ ಎಂದಿಟ್ಟುಕೊಳ್ಳಿ. “50% ಸ್ಕಾಲರ್‌ಶಿಪ್ ಸಿಕ್ಕಿದೆ” ಎಂದರೆ ಖರ್ಚು ಅರ್ಧವಾಯಿತು ಎಂದು ಮನೆಯವರು ತಿಳಿಯುತ್ತಾರೆ. ಮಾಫಿಯಾದದ್ದು ಶುಲ್ಕದ ಅರ್ಧ, ಅಂದರೆ 20,000. ನಿಮ್ಮ ಜೇಬಿನಿಂದ ಇನ್ನೂ 40,000 ಹೋಗಬೇಕು. ಒಟ್ಟು ಖರ್ಚಿನಲ್ಲಿ ಇಳಿದದ್ದು ಮೂರರಲ್ಲಿ ಒಂದು ಪಾಲು ಅಷ್ಟೇ.

ಉಳಿತಾಯದ ಇನ್ನೊಂದು ದಾರಿ ಕೋರ್ಸಿನ ಅವಧಿಯಲ್ಲೇ ಇದೆ. ಅಲ್ಲಿನ ಎಂಎಲ್‌ಎ ಪದವಿ ಬೇರೆ ವಿಷಯ ಓದಿ ಬಂದವರಿಗೆ ಸಾಮಾನ್ಯವಾಗಿ ಮೂರು ವರ್ಷ, ವೃತ್ತಿಪರ ವಿನ್ಯಾಸ ಪದವಿ ಇದ್ದವರಿಗೆ ಸುಮಾರು ಎರಡು. ಬಿ.ಆರ್ಕ್ ಮಾಡಿದವರು ಚಿಕ್ಕ ಅವಧಿಗೆ ಅರ್ಹರೇ ಎಂದು ಅರ್ಜಿಗೆ ಮೊದಲೇ ಕೇಳಬೇಕು. ಒಂದು ವರ್ಷದ ಖರ್ಚು ಉಳಿಸುವಷ್ಟು ದೊಡ್ಡ ಸ್ಕಾಲರ್‌ಶಿಪ್ ಸಿಗುವುದು ಅಪರೂಪ.

2023ರ ಜುಲೈನಲ್ಲಿ ಅಮೆರಿಕ ಸರ್ಕಾರ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರನ್ನು ‘ಸ್ಟೆಮ್’ ವಿಷಯಗಳ ಪಟ್ಟಿಗೆ ಸೇರಿಸಿತು. ಇದನ್ನೂ ಸ್ಕಾಲರ್‌ಶಿಪ್ ಎಂದು ಹಂಚುವವರಿದ್ದಾರೆ. ಅಲ್ಲ. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಸಿಗುವ 12 ತಿಂಗಳ ಜೊತೆಗೆ ಇನ್ನೂ 24 ತಿಂಗಳು ಕೇಳಲು ಇದು ಅವಕಾಶ ಕೊಟ್ಟಿತು. ಸಾಲ ತೀರಿಸಲು ನೆರವಾಗಬಹುದು, ಆದರೆ ಕೆಲಸ ಸಿಕ್ಕರೆ ಮಾತ್ರ.

ಜರ್ಮನಿಯಲ್ಲಿ ಎಲ್ಲವೂ ಫ್ರೀ?

ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎಂಬುದು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಇಂಗ್ಲಿಷಿನಲ್ಲಿ ಕಲಿಸುವ ಪ್ರಸಿದ್ಧ ಲ್ಯಾಂಡ್‌ಸ್ಕೇಪ್ ಮಾಸ್ಟರ್ಸ್ ಒಂದನ್ನು ವೈಹೆನ್‌ಸ್ಟೆಫಾನ್-ಟ್ರೀಸ್‌ಡೋರ್ಫ್ ಮತ್ತು ನ್ಯೂರ್ಟಿಂಗೆನ್-ಗೈಸ್‌ಲಿಂಗೆನ್ ಸಂಸ್ಥೆಗಳು ಸೇರಿ ನಡೆಸುತ್ತವೆ. ಎರಡನೆಯದು ಇರುವುದು ಇದೇ ರಾಜ್ಯದಲ್ಲಿ. ದಾಖಲಾತಿ ಎಲ್ಲಿ, ಯಾವ ಸೆಮಿಸ್ಟರಿಗೆ ಎಷ್ಟು ಎಂದು ಕೇಳಿಯೇ ಮುಂದುವರಿಯಿರಿ.

ಶುಲ್ಕ ಇಲ್ಲದಿದ್ದರೂ ಊಟ ಬೇಕಲ್ಲ. ವೀಸಾ ಕೇಳುವಾಗ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಒಂದು ವರ್ಷದ ಜೀವನ ಖರ್ಚು ಇಟ್ಟಿರಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ 992. ಡಾಡ್ ಎಂಬ ಜರ್ಮನ್ ವಿನಿಮಯ ಸಂಸ್ಥೆಯ ಮಾಸ್ಟರ್ಸ್ ವಿದ್ಯಾರ್ಥಿವೇತನ ಕೂಡ ಅಷ್ಟೇ ಆಯಿತು: ತಿಂಗಳಿಗೆ 992 ಯೂರೋ. ಈ ಸಂಸ್ಥೆಯ ಯೋಜನೆಗಳಲ್ಲಿ ‘ಆರ್ಕಿಟೆಕ್ಚರ್’ ಎಂಬ ಪ್ರತ್ಯೇಕ ವಿಭಾಗವಿದೆ, ಲ್ಯಾಂಡ್‌ಸ್ಕೇಪ್ ಕೂಡ ಅದರೊಳಗೇ ಬರುತ್ತದೆ. ಬೋರ್ಡು ಬೇರೆ, ಹಣ ನಮ್ಮದು ಎಂದೆವಲ್ಲ, ಅದಕ್ಕೆ ಇದೇ ಒಳ್ಳೆಯ ಉದಾಹರಣೆ. ಅಂಕಪಟ್ಟಿಯಷ್ಟೇ ಸಾಲದು, ನಿಮ್ಮ ವಿನ್ಯಾಸಗಳ ಪೋರ್ಟ್‌ಫೋಲಿಯೊ ಕೊಡಬೇಕು. ಬೋಧನಾ ಶುಲ್ಕ ಇದ್ದರೆ ಈ ವೇತನ ಅದನ್ನು ತುಂಬಿಕೊಡುವುದಿಲ್ಲ.

ಯುರೋಪಿನಲ್ಲಿ ‘ಪೂರ್ತಿ’ ಎಂಬ ಮಾತಿಗೆ ಹತ್ತಿರವಾದದ್ದು ಎರಾಸ್ಮಸ್ ಮುಂಡಸ್. ಎರಡು-ಮೂರು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಕೋರ್ಸುಗಳಿವು. ಆಯ್ಕೆಯಾದವರಿಗೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು. ಕೂಡಿದರೆ 33,600 ಯೂರೋ. ಈ ಪಟ್ಟಿಯಲ್ಲಿ ನಗರ, ಹವಾಮಾನ, ಪರಂಪರೆಯ ಸುತ್ತ ಇರುವ ಕೋರ್ಸುಗಳನ್ನು ಹುಡುಕಬೇಕು. ಆದರೆ ಸೀಟು ಸಿಕ್ಕವರಿಗೆಲ್ಲ ಹಣ ಸಿಗುವುದಿಲ್ಲ. “ಅಡ್ಮಿಶನ್ ಆಯಿತು” ಎಂಬ ಪತ್ರ ಬೇರೆ, “ಸ್ಕಾಲರ್‌ಶಿಪ್ ಆಯಿತು” ಎಂಬ ಪತ್ರ ಬೇರೆ.

ಬ್ರಿಟನ್ನಿನ ಚೀವ್ನಿಂಗ್ ಬಗ್ಗೆ ಒಂದೇ ಮಾತು: ಅದು ಶುಲ್ಕ, ಜೀವನ ಖರ್ಚು ಎರಡನ್ನೂ ಕೊಡುತ್ತದೆ, ಆದರೆ 9ರಿಂದ 12 ತಿಂಗಳ ಕೋರ್ಸಿಗೆ ಮಾತ್ರ. ಎರಡು ವರ್ಷದ ಲ್ಯಾಂಡ್‌ಸ್ಕೇಪ್ ಕೋರ್ಸು ಆರಿಸಿಕೊಂಡರೆ ಅರ್ಜಿ ಅಲ್ಲಿಗೇ ಬಿತ್ತು. ಸುಮಾರು ಎರಡು ವರ್ಷದ ಕೆಲಸದ ಅನುಭವವೂ ಬೇಕು, ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು.

ಇಲ್ಲೇ ಓದಿದರೆ?

ಫಾರ್ವರ್ಡ್‌ಗಳು ಇದರ ಬಗ್ಗೆ ಮಾತೇ ಆಡುವುದಿಲ್ಲ. ದೆಹಲಿ ಮತ್ತು ಭೋಪಾಲ್‌ನ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಇದೆ. ಗೇಟ್ ಪರೀಕ್ಷೆಯ ‘ಆರ್ಕಿಟೆಕ್ಚರ್ ಅಂಡ್ ಪ್ಲ್ಯಾನಿಂಗ್’ ಪತ್ರಿಕೆ ಬರೆದು ಕೇಂದ್ರ ಸರ್ಕಾರದ ಸಂಸ್ಥೆಗೆ ಸೇರಿದವರಿಗೆ ಸಿಗುತ್ತಾ ಬಂದಿರುವುದು ತಿಂಗಳಿಗೆ 12,400 ರೂಪಾಯಿ. 24 ತಿಂಗಳಿಗೆ 2,97,600. ಡಾಲರಿನ ಮುಂದೆ ಇದು ಸಣ್ಣದಾಗಿ ಕಾಣಬಹುದು. ಆದರೆ ಹಾಸ್ಟೆಲ್ಲು, ಮೆಸ್ಸು ಸಾಗುತ್ತದೆ, ಮನೆಯ ಪತ್ರ ಬ್ಯಾಂಕಿಗೆ ಹೋಗುವುದಿಲ್ಲ.

ಖಾಸಗಿ ಕಾಲೇಜಿಗೆ ಸೇರುವವರು ಇಲ್ಲಿ ಎಚ್ಚರವಾಗಿರಬೇಕು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರ್ಕಿಟೆಕ್ಚರ್ ಕಾಲೇಜುಗಳ ಮಾನ್ಯತೆಯಲ್ಲಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನಿಯಮಗಳೇ ನಡೆಯುತ್ತವೆ, ಎಐಸಿಟಿಇಯವಲ್ಲ ಎಂದಿತು. ಎಐಸಿಟಿಇ ಗೇಟ್ ವೇತನ ಕೊಡುವುದು ತನ್ನ ಅನುಮೋದನೆ ಇರುವ ಕಡೆಗೆ. ಹಾಗಾಗಿ “ಗೇಟ್ ಪಾಸಾದರೆ ಎಲ್ಲಿ ಸೇರಿದರೂ 12,400” ಎಂಬುದು ತಪ್ಪು. ಕಾಲೇಜಿನಲ್ಲಿ ಈಗ ಎಂ.ಆರ್ಕ್ ಓದುತ್ತಿರುವ ಹಿರಿಯರನ್ನೇ ಕೇಳಿ: ಕಳೆದ ತಿಂಗಳು ಖಾತೆಗೆ ಹಣ ಬಿತ್ತೇ?

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅಲೆಮಾರಿ ಸಮುದಾಯದವರು, ಭೂರಹಿತ ಕೃಷಿ ಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಇದರಲ್ಲಿ ಪಾಲಿದೆ. ವರ್ಷಕ್ಕೆ 125 ಜಾಗ, ಕುಟುಂಬದ ಆದಾಯ 8 ಲಕ್ಷದ ಒಳಗೆ, ವಯಸ್ಸು 35ರ ಒಳಗೆ. ವಿಶ್ವವಿದ್ಯಾಲಯ ಕ್ಯೂಎಸ್ ಪಟ್ಟಿಯ ಮೊದಲ 500ರಲ್ಲಿ ಇರಬೇಕು. ಜರ್ಮನಿಯ ಅನ್ವಯಿಕ ವಿಜ್ಞಾನ ಸಂಸ್ಥೆಗಳಲ್ಲಿ ಹೆಚ್ಚಿನವು ಆ ಪಟ್ಟಿಯಲ್ಲಿ ಬರುವುದೇ ಇಲ್ಲ, ಆದ್ದರಿಂದ ಕೋರ್ಸು ಆರಿಸುವ ಮೊದಲೇ ಪಟ್ಟಿ ನೋಡಿ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ ಇಂಥದ್ದೇ ಯೋಜನೆ ಬೇರೆ ಇದೆ, ಜಾಗ 20. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ವಿಚಾರಿಸಿ.

ಅಲ್ಪಸಂಖ್ಯಾತರ ವಿದೇಶಿ ಓದಿನ ಸಾಲಕ್ಕೆ ಬಡ್ಡಿ ತುಂಬುತ್ತಿದ್ದ ‘ಪಢೋ ಪರದೇಶ್’ 2022-23ರಿಂದ ನಿಂತಿದೆ. ಅದರ ಹಳೆಯ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.

ಹೆಸರಿನಲ್ಲೇ ಗೊಂದಲ ಇರುವ ಇನ್ನೊಂದು: ‘ಲೋನ್ ಸ್ಕಾಲರ್‌ಶಿಪ್’. 1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಬಹಳ ಗೌರವದ್ದು. ನಮ್ಮ ತುಮಕೂರಿನ ರಾಜಾ ರಾಮಣ್ಣ ಲಂಡನ್ನಿಗೆ ಹೋದದ್ದು ಇದರ ನೆರವಿನಿಂದ. ಆದರೆ ಅದು ಸಾಲ, ತೀರಿಸಬೇಕು. ಇದರಲ್ಲಿ ಮೋಸವೇನೂ ಇಲ್ಲ, ಅವರೇ ಸ್ಪಷ್ಟವಾಗಿ ಹೇಳುತ್ತಾರೆ. ಫಾರ್ವರ್ಡ್ ಮಾಡುವವರು ಮೊದಲ ಪದ ಬಿಟ್ಟು ಎರಡನೆಯದನ್ನು ಮಾತ್ರ ಟೈಪ್ ಮಾಡುತ್ತಾರೆ.

ಲಿಂಕ್ ಒತ್ತುವ ಮೊದಲು ವೆಬ್ ವಿಳಾಸದ ಕೊನೆ ನೋಡಿ. ನಮ್ಮ ಸರ್ಕಾರದ ತಾಣದ ಹೆಸರು ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ನಡುವೆ ‘ಗವ್’ ಇದ್ದು ಕೊನೆಗೆ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಮೇಲೆ ಹೇಳಿದ ಯಾವ ಸ್ಕಾಲರ್‌ಶಿಪ್ಪೂ ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಿ ಎನ್ನುವುದಿಲ್ಲ, ಹತ್ತು ಗ್ರೂಪಿಗೆ ಹಂಚಿದರೆ ಅರ್ಜಿ ತೆರೆಯುತ್ತದೆ ಎನ್ನುವುದಂತೂ ಇಲ್ಲವೇ ಇಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಸಮಯದ ವಿಷಯ. ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಚೀವ್ನಿಂಗ್ ತೆರೆಯುವುದೂ ಆಗಸ್ಟ್ ಹೊತ್ತಿಗೇ. ಅಮೆರಿಕದ ಹೆಚ್ಚಿನ ವಿಭಾಗಗಳ ಕೊನೆಯ ದಿನ ಡಿಸೆಂಬರ್-ಜನವರಿ, ಜರ್ಮನಿಯ ವೇತನಕ್ಕೆ ಓದು ಶುರುವಾಗುವ ಸುಮಾರು ವರ್ಷದ ಮೊದಲೇ. ಮೇ ತಿಂಗಳಲ್ಲಿ ಬಿ.ಆರ್ಕ್ ಥೀಸಿಸ್ ಮುಗಿಸಿ, ಜೂನ್‌ನಲ್ಲಿ ನಿದ್ದೆ ತೀರಿಸಿಕೊಂಡು, ಆಮೇಲೆ ಹುಡುಕಲು ಕೂತರೆ ಆ ವರ್ಷದ ಬಾಗಿಲುಗಳು ಮುಚ್ಚಿರುತ್ತವೆ. ಪೋರ್ಟ್‌ಫೋಲಿಯೊಗೆ ಬೇಕಾದ ಹಾಳೆಗಳನ್ನು ನಾಲ್ಕನೇ ವರ್ಷದಿಂದಲೇ ಎತ್ತಿಡಲಿ: ಊರ ಕೆರೆಯ ಸರ್ವೆ, ಮಳೆಗಾಲದಲ್ಲಿ ನೀರು ನಿಂತ ಜಾಗದ ನಕ್ಷೆ, ಕೈಯಲ್ಲಿ ಬರೆದ ಮರಗಳ ಪಟ್ಟಿ, ಎಲ್ಲವೂ.