ಬಿಒಡಿ ಕಡಿಮೆ ಬಂದರೆ ನೀರು ಶುದ್ಧವೇ?

ಹರಿಯುವ ನೀರಿಗೆ ಮೈಲಿಗೆಯಿಲ್ಲ ಎನ್ನುತ್ತಾರೆ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಎರಡೂ ಬೆಳೆದದ್ದು ಭದ್ರೆಯ ದಂಡೆಯಲ್ಲಿ. ಕಾರ್ಖಾನೆಯ ನೀರು ಸೇರಿದರೇನು, ಕೂಡ್ಲಿಯಲ್ಲಿ ತುಂಗೆಯನ್ನು ಕೂಡುವಷ್ಟರಲ್ಲಿ ಎಲ್ಲ ತಿಳಿಯಾಗುತ್ತದೆ ಎಂಬ ನಂಬಿಕೆಯೂ ಹಾಗೆಯೇ ಬೆಳೆದಿದೆ.

ಹರಿವು ಕೊಳೆಯನ್ನು ತೆಳುವಾಗಿಸುತ್ತದೆ, ನೀರಿಗೆ ಗಾಳಿ ಬೆರೆಸುತ್ತದೆ, ಅಷ್ಟೇ. ಕೊಳೆಯನ್ನು ತಿಂದು ಮುಗಿಸುವುದು ಕಲ್ಲಿನ ಮೇಲಿನ ಲೋಳೆಯಲ್ಲಿ, ತಳದ ಕೆಸರಿನಲ್ಲಿ ಬದುಕಿರುವ ಬ್ಯಾಕ್ಟೀರಿಯಾ. ಊರಿನ ಚರಂಡಿ ನೀರು ಮಿತಿಯಲ್ಲಿದ್ದರೆ ಅವಕ್ಕೆ ಅದು ಆಹಾರ. ಕೈಗಾರಿಕೆಯ ರಾಸಾಯನಿಕಗಳ ಕಥೆ ಬೇರೆ. ಫಿನಾಲ್ ಜೀವಕೋಶದ ಪೊರೆಯ ಕೊಬ್ಬಿನೊಳಗೆ ಸೇರಿ ಪೊರೆಯನ್ನೇ ಸೋರುವಂತೆ ಮಾಡುತ್ತದೆ. ಪಾದರಸ ಕಿಣ್ವಗಳ ಗಂಧಕಕ್ಕೆ ಅಂಟಿಕೊಂಡು ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಕಾಗದದ ತಿರುಳನ್ನು ಕ್ಲೋರಿನ್‌ನಿಂದ ಬಿಳುಪು ಮಾಡುವಾಗ ಮರದ ಲಿಗ್ನಿನ್‌ನಿಂದ ಹುಟ್ಟುವ ಕ್ಲೋರೊಫಿನಾಲ್‌ಗಳೂ ಸೂಕ್ಷ್ಮಜೀವಿಗಳಿಗೆ ವಿಷವೇ.

ಇದಕ್ಕಿಂತ ಅಪಾಯಕಾರಿ ತಪ್ಪು ತಿಳಿವಳಿಕೆ ಪ್ರಯೋಗಾಲಯದ ವರದಿಯ ಸುತ್ತ ಇದೆ. ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಕಡಿಮೆ ಬಂದರೆ ನೀರು ಶುದ್ಧ ಎಂದು ಓದುಬಲ್ಲವರೂ ನಂಬುತ್ತಾರೆ. ನಮ್ಮಲ್ಲಿ ಈ ಪರೀಕ್ಷೆಗೆ ನೀರನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು, ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಬಳಸಿದವು ಎಂದು ಅಳೆಯುತ್ತಾರೆ. ನದಿ, ಕೆರೆಗೆ ಬಿಡುವ ತ್ಯಾಜ್ಯನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಆದರೆ ವಿಷವಿದ್ದರೆ ಬಾಟಲಿಯೊಳಗಿನ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಆಮ್ಲಜನಕ ಖರ್ಚಾಗುವುದಿಲ್ಲ, ಅಂಕಿ ಇಳಿಯುತ್ತದೆ. ಅದೇ ಮಾದರಿಗೆ ಶುದ್ಧ ನೀರು ಬೆರೆಸುತ್ತಾ ಹೋದಂತೆ ಲೆಕ್ಕ ಹಾಕಿದ ಬಿಒಡಿ ಏರುತ್ತಿದ್ದರೆ, ವಿಷವಿದೆ ಎಂಬ ಶಂಕೆ ಬಲವಾಗುತ್ತದೆ. ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಪರೀಕ್ಷೆ ರಾಸಾಯನಿಕದಿಂದ ನಡೆಯುವುದರಿಂದ ಅದಕ್ಕೆ ಜೀವಿಗಳ ಹಂಗಿಲ್ಲ. ಸಿಒಡಿ ಬಹಳ ಹೆಚ್ಚು, ಬಿಒಡಿ ತೀರಾ ಕಡಿಮೆ ಎಂದರೆ ಆ ಕೊಳೆ ಸುಲಭವಾಗಿ ಕೊಳೆಯದ್ದು, ಇಲ್ಲವೇ ಕೊಳೆಸುವವರನ್ನೇ ಕೊಲ್ಲುವಂಥದ್ದು. ಬಿಒಡಿಯೊಂದನ್ನೇ ತೋರಿಸುವ ವರದಿಯನ್ನು ಒಪ್ಪಬಾರದು.

ರಾಸಾಯನಿಕದಿಂದ ರೋಗಾಣುಗಳಾದರೂ ಸಾಯುತ್ತವಲ್ಲ ಎಂಬ ಸಮಾಧಾನವೂ ಹುಸಿ. ಭಾರಲೋಹ ತಾಳಿಕೊಂಡು ಉಳಿದ ಬ್ಯಾಕ್ಟೀರಿಯಾಗಳಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಗುಣವೂ ಅನೇಕ ಸಲ ಜೊತೆಗೇ ಇರುತ್ತದೆ. ಎರಡರ ಜೀನ್‌ಗಳೂ ಒಂದೇ ಪ್ಲಾಸ್ಮಿಡ್‌ನಲ್ಲಿ (ಬ್ಯಾಕ್ಟೀರಿಯಾಗಳ ನಡುವೆ ದಾಟಬಲ್ಲ ಡಿಎನ್‌ಎ ಉಂಗುರ) ಸಾಗಬಲ್ಲವು.

ಬ್ಯಾಕ್ಟೀರಿಯಾಗಳಿಗೆ ವಿಷ ಅಭ್ಯಾಸವಾಗುತ್ತದೆ ಎಂಬುದರಲ್ಲಿ ಅರ್ಧ ಸತ್ಯವಿದೆ. ಸ್ಯೂಡೊಮೊನಾಸ್‌ನ ಕೆಲವು ತಳಿಗಳು ಫಿನಾಲನ್ನೇ ತಿಂದು ಬೆಳೆಯುತ್ತವೆ. ಆದರೆ ಅಭ್ಯಾಸಕ್ಕೆ ಕಾಲ ಬೇಕು. ತ್ಯಾಜ್ಯನೀರಿನ ಶುದ್ಧೀಕರಣ ಘಟಕದಲ್ಲಿ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬಲು ನಿಧಾನವಾಗಿ ಬೆಳೆಯುವಂಥವು. ಒಮ್ಮೆಲೇ ಬಿಟ್ಟ ವಿಷದಿಂದ ಅವು ಸತ್ತರೆ ಘಟಕ ಮೊದಲಿನಂತಾಗಲು ವಾರಗಳೇ ಹಿಡಿಯಬಹುದು. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ತ್ಯಾಜ್ಯನೀರಿನಲ್ಲಿರುವ ವಿಷದ ತಿಂಗಳ ಸರಾಸರಿಯ ಜೊತೆಗೆ ಒಂದೇ ದಿನದ ಅತಿ ಹೆಚ್ಚಿನ ಪ್ರಮಾಣವನ್ನೂ ಕೇಳಬೇಕಾದದ್ದು ಇದಕ್ಕೇ.