ಹಳೆಯ ಡಸ್ಟರ್ ಮನೆಗೆ ತರಬಹುದೇ?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲೆಣಿಸುತ್ತಾನೆ; ಸುಳಿ ನೋಡುತ್ತಾನೆ; ನಾಲ್ಕು ಹೆಜ್ಜೆ ನಡೆಸಿ ಗೊರಸು ಊರುವ ಬಗೆಯನ್ನು ಗಮನಿಸುತ್ತಾನೆ. ಆಮೇಲೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಅದೇ ರೈತನ ಮೊಮ್ಮಗ ಪಟ್ಟಣದಲ್ಲಿ ಹಳೆಯ ಕಾರು ಕೊಳ್ಳಲು ಹೊರಟಾಗ ಮಾತ್ರ ಅಜ್ಜನ ಜಾಣ್ಮೆ ಏಕೋ ನೆನಪಿಗೆ ಬರುವುದಿಲ್ಲ. ಬಣ್ಣದ ಹೊಳಪು, ಸೀಟಿನ ಹೊಸ ಹೊದಿಕೆ, ಒಳಗೆ ಸಿಂಪಡಿಸಿದ ಸುಗಂಧ, ಇಷ್ಟಕ್ಕೇ ಮನಸೋತು ಮುಂಗಡ ಕೊಟ್ಟು ಬಂದುಬಿಡುತ್ತಾನೆ.

ಹೀಗೆ ಕೈ ಬದಲಾಯಿಸುತ್ತಿರುವ ಗಾಡಿಗಳಲ್ಲಿ ರೆನೊ ಡಸ್ಟರ್ ವಿಶೇಷ ಗಮನಕ್ಕೆ ಅರ್ಹವಾದುದು. 2012ರ ಜುಲೈ ತಿಂಗಳಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂದಾಗ ಆರಂಭದ ಬೆಲೆ 7 ಲಕ್ಷ 19 ಸಾವಿರ ರೂಪಾಯಿ. ನೋಡಲು ಜೀಪಿನ ಜಾತಿ. ಆದರೆ ಒಳಗಣ ಕಟ್ಟಡ ಕಾರಿನದು. ಜೀಪುಗಳಲ್ಲಿ ಗಟ್ಟಿಯಾದ ಉಕ್ಕಿನ ಚೌಕಟ್ಟಿನ ಮೇಲೆ ಪ್ರತ್ಯೇಕ ಮೈಯನ್ನು ಕೂರಿಸುತ್ತಾರೆ. ಡಸ್ಟರಿನಲ್ಲಾದರೋ ಚೌಕಟ್ಟು ಬೇರೆ, ಮೈ ಬೇರೆ ಎಂಬ ಭೇದವಿಲ್ಲ. ಇಡೀ ಗಾಡಿ ಒಂದೇ ಚಿಪ್ಪು. ಎತ್ತರದ ಜೀಪಿನ ಅನುಕೂಲವನ್ನೂ ಕಾರಿನ ಮೃದುತನವನ್ನೂ ಕೂಡಿಸಿದ ಇಂತಹ ಮಿಶ್ರತಳಿಗೆ ಕ್ರಾಸ್‌ಓವರ್ ಎಂದು ಹೆಸರು. ಮಧ್ಯಮ ಗಾತ್ರದ ಈ ವರ್ಗವನ್ನು ನಮ್ಮ ಮಧ್ಯಮ ವರ್ಗಕ್ಕೆ ಪರಿಚಯಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಡಸ್ಟರಿಗೇ ಸಲ್ಲಬೇಕು.

ಅದರ ವಂಶಾವಳಿಯೂ ಸ್ವಾರಸ್ಯಕರವಾದುದೇ. ರುಮೇನಿಯಾ ದೇಶದ ದಾಚಿಯಾ ಕಂಪನಿಯನ್ನು ಫ್ರಾನ್ಸಿನ ರೆನೊ 1999ರಲ್ಲಿ ತನ್ನದಾಗಿಸಿಕೊಂಡಿತು. 2004ರಲ್ಲಿ ಬಡ ದೇಶಗಳಿಗೆಂದು ಲೋಗನ್ ಎಂಬ ಅಗ್ಗದ ಕಾರನ್ನು ಹೊರತಂದಿತು. 2010ರಲ್ಲಿ ಅದೇ ಅಡಿಪಾಯದ ಮೇಲೆ ಡಸ್ಟರ್ ಹುಟ್ಟಿತು. ಭಾರತದ ಗಾಡಿಗಳು ಚೆನ್ನೈ ಸಮೀಪದ ಒರಗಡಂ ಕಾರ್ಖಾನೆಯಲ್ಲಿ ತಯಾರಾದವು. ಅಗ್ಗದ ಮನೆತನದ ಕುರುಹುಗಳು ಅಲ್ಲಲ್ಲಿ ಉಳಿದುಕೊಂಡವು ಎನ್ನಿ. ಮೊದಲ ವರ್ಷಗಳ ಗಾಡಿಯಲ್ಲಿ ಹೊರಗನ್ನಡಿಯನ್ನು ತಿರುಗಿಸುವ ಗುಂಡಿ ಕೈಬ್ರೇಕಿನ ಕೆಳಗೆ ಅಡಗಿ ಕುಳಿತಿದೆ. ಹೊಸದಾಗಿ ಕೊಂಡವರು ಅದನ್ನು ಕಂಡುಹಿಡಿಯಲು ಒಂದು ಇಡೀ ದಿನವನ್ನೇ ಮೀಸಲಿಡಬೇಕಾದೀತು.

ಜನ ಮೆಚ್ಚಿದ ಗಾಡಿ ನಿಂತುಹೋದದ್ದೇಕೆ? 2015ರಲ್ಲಿ ಬಂದ ಹ್ಯುಂಡೈ ಕ್ರೆಟಾ ಒಳಾಂಗಣದ ಅಂದಚೆಂದಗಳಲ್ಲಿ ಡಸ್ಟರನ್ನು ಹಿಂದಿಕ್ಕಿತು. ಯೂರೋಪಿನಲ್ಲಿ ಮಾರಾಟವಾದ ಎರಡನೆಯ ತಲೆಮಾರಿನ ಡಸ್ಟರ್ ಇಲ್ಲಿಗೆ ಬರಲೇ ಇಲ್ಲ. ಹಳೆಯದಕ್ಕೇ ಬಣ್ಣ ಬಳಿದು ದಿನ ದೂಡಿದರು. 2020ರ ಏಪ್ರಿಲಿನಲ್ಲಿ ಹೊಗೆಯ ಬಗೆಗಿನ ಬಿ.ಎಸ್. 6 ನಿಯಮ ಜಾರಿಗೆ ಬಂದಾಗ ಡೀಸಲ್ ಎಂಜಿನನ್ನು ಕೈಬಿಟ್ಟರು. ಡಸ್ಟರಿನ ಜೀವಾಳವೇ ಆ ಎಂಜಿನು. ಕೇವಲ ಪೆಟ್ರೋಲಿನ ಮೇಲೆ ಎರಡು ವರ್ಷ ಉಸಿರಾಡಿ 2022ರಲ್ಲಿ ಅದು ಅಂಗಡಿಯಿಂದ ಮರೆಯಾಯಿತು.

ತಯಾರಿಕೆ ನಿಂತ ಗಾಡಿ ಎಂದೊಡನೆ ಮನೆಯವರ ಮನಸ್ಸಿನಲ್ಲಿ ಏಳುವ ಮೊದಲ ಶಂಕೆ ಬಿಡಿಭಾಗಗಳದು. ಈ ಶಂಕೆ ಅರ್ಧ ಮಾತ್ರ ನಿಜ. ತಯಾರಕನೇ ದೇಶ ಬಿಟ್ಟು ಹೋಗುವುದು ಒಂದು ಬಗೆ. ಗಾಡಿಯೊಂದನ್ನಷ್ಟೇ ನಿಲ್ಲಿಸುವುದು ಮತ್ತೊಂದು ಬಗೆ. ಷೆವರ್ಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿ ಗಂಟುಮೂಟೆ ಕಟ್ಟಿತು. ರೆನೊ ಹಾಗೆ ಮಾಡಲಿಲ್ಲ. ಅಲ್ಲದೆ ಡಸ್ಟರಿನ 1.5 ಲೀಟರ್ ಡೀಸಲ್ ಎಂಜಿನಿಗೆ ಬಂಧುಬಳಗ ಬಹಳ: ನಿಸಾನ್ ಟೆರಾನೊ, ಸನ್ನಿ, ಮೈಕ್ರಾ, ಮಹೀಂದ್ರಾ ವೆರಿಟೊ, ರೆನೊ ಲೋಜಿ, ಎಲ್ಲವೂ ಅದೇ ಮೂಲದ ಎಂಜಿನಿನಿಂದ ಓಡಿದವು. ಆದ್ದರಿಂದ ಎಂಜಿನಿನ ಭಾಗಗಳಿಗೆ ತತ್ಕಾಲಕ್ಕೆ ಬರವಿಲ್ಲ. ಕೈನುರಿತ ಮೆಕ್ಯಾನಿಕರೂ ಊರೂರಿನಲ್ಲಿ ಸಿಗುತ್ತಾರೆ. ತೊಂದರೆಯಾಗುವುದು ಡಸ್ಟರಿಗೇ ಮೀಸಲಾದ ಭಾಗಗಳಲ್ಲಿ: ಬಾಗಿಲು, ದೀಪದ ಗಾಜು, ಬಂಪರು, ಒಳಗಣ ಪ್ಲಾಸ್ಟಿಕ್ಕು. ಎದುರು ದೀಪ ಒಡೆದ ಗಾಡಿಯನ್ನು "ಹತ್ತು ದಿನದಲ್ಲಿ ಹಾಕಿಸಿಕೊಡುತ್ತೇನೆ" ಎಂದು ಮಾರುವವನ ಮಾತನ್ನು ನಂಬದೆ, ಹಾಕಿಸಿದ ಮೇಲೆಯೇ ಹಣ ಕೊಡುವುದು ವಾಸಿ. ಅದೇ ಹೆಸರಿನ ಹೊಸ ತಲೆಮಾರಿನ ಗಾಡಿಯ ಭಾಗಗಳು ಹಳೆಯದಕ್ಕೆ ಹೊಂದುತ್ತವೆ ಎಂಬ ಭ್ರಮೆಯೂ ಬೇಡ.

ಇನ್ನು ಗುಣದ ಮಾತು. ಬೆಂಗಳೂರಿನ ಒಂದು ಕುಟುಂಬ ವರ್ಷಕ್ಕೆ ಎರಡು ಬಾರಿ ಶಿರಾಡಿ ಘಾಟಿ ಇಳಿದು ಊರಿಗೆ ಹೋಗುತ್ತದೆ ಎಂದುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮಂಡಿನೋವಿನ ಅಜ್ಜಿ. ಬರುವಾಗ ಹಲಸು, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ. ಇಂತಹ ಸಂಸಾರಕ್ಕೆ ಡಸ್ಟರ್ ಹೇಳಿ ಮಾಡಿಸಿದಂತಿದೆ. ನೆಲದಿಂದ ಗಾಡಿಯ ತಳಕ್ಕೆ 205 ಮಿಲಿಮೀಟರು ಅಂತರ. ಹಿಂಬದಿಯ ಸಾಮಾನಿನ ಜಾಗ 475 ಲೀಟರು. ಅಗಲ 1,822 ಮಿಲಿಮೀಟರು ಇರುವುದರಿಂದ ಹಿಂದಿನ ಸೀಟಿನಲ್ಲಿ ಮೂವರು ಭುಜ ತಿಕ್ಕಾಡದೆ ಕೂರಬಹುದು. ಸೀಟಿನ ಎತ್ತರವೂ ವೃದ್ಧರಿಗೆ ಅನುಕೂಲ. ತಗ್ಗಿನ ಕಾರಿನಲ್ಲಿ ಕುಸಿದು ಕೂರಬೇಕು, ಏಳುವಾಗ ಯಾರಾದರೂ ಕೈ ಹಿಡಿಯಬೇಕು. ಇಲ್ಲಿ ಕಾಲು ಎತ್ತಿಟ್ಟು ಸಲೀಸಾಗಿ ಸರಿದುಕೊಂಡರಾಯಿತು. ಇವೆಲ್ಲಕ್ಕಿಂತ ಮಿಗಿಲಾದುದು ಅದರ ಸಸ್ಪೆನ್ಷನ್. ಗುಂಡಿ ಬಿದ್ದ ರಸ್ತೆಯಲ್ಲಿ ಬೇರೆ ಗಾಡಿಗಳು ಎತ್ತಿ ಕುಕ್ಕುವಲ್ಲಿ ಡಸ್ಟರ್ ಹೊಟ್ಟೆಯ ನೀರು ಅಲುಗದಂತೆ ಸಾಗುತ್ತದೆ. ಈ ಒಂದು ವಿಷಯದಲ್ಲಿ, ಅದಕ್ಕಿಂತ ಹೆಚ್ಚು ಬೆಲೆಯ ಅನೇಕ ಹೊಸ ಗಾಡಿಗಳೂ ಅದರ ಮುಂದೆ ತಲೆತಗ್ಗಿಸಬೇಕು.

ಡೀಸಲಿನಲ್ಲಿ ಎರಡು ಬಗೆ. 85 ಅಶ್ವಶಕ್ತಿಯದು ಐದು ಗೇರಿನದು. 110 ಅಶ್ವಶಕ್ತಿಯದು ಆರು ಗೇರಿನದು. ಪಟ್ಟಣದ ಓಡಾಟವೇ ಹೆಚ್ಚಾಗಿದ್ದರೆ ಮೊದಲನೆಯದು ಸಾಕು. ಕೆಳಗಿನ ವೇಗದಲ್ಲಿ ಅದೇ ಹೆಚ್ಚು ಸಾಧು. ತುಂಬಿದ ಸಂಸಾರವನ್ನು ಹೊತ್ತು ಘಾಟಿ ಹತ್ತುವವರಿಗೆ ಎರಡನೆಯದು. 2014ರಲ್ಲಿ ಬಂದ ನಾಲ್ಕು ಚಕ್ರಗಳಿಗೂ ಶಕ್ತಿ ಹಾಯುವ ಮಾದರಿ ಅಪರೂಪದ ಗಾಡಿ. ಹಿಂಬದಿ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬೇರೆ ಇದೆ. ಕಾಫಿ ತೋಟವಿದ್ದವರಿಗೆ ಅದು ವರ, ಮಲ್ಲೇಶ್ವರದಲ್ಲಿ ಮನೆಯಿದ್ದವರಿಗೆ ವೃಥಾ ಖರ್ಚು. 2020ರ ಆಗಸ್ಟಿನಿಂದ ಮಾರಿದ 156 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಗಾಡಿ ಓಡಿಸುವವನಿಗೆ ಪರಮಾನಂದ ಕೊಡುತ್ತದೆ. ಆದರೆ ಅಲ್ಪಾಯುಷಿಯಾದ ಆ ಮಾದರಿಯನ್ನು ಮನೆಯ ಒಂದೇ ವಾಹನವಾಗಿ ನೆಚ್ಚುವುದು ಅಷ್ಟು ವಿವೇಕವೆನಿಸದು.

ಇಷ್ಟು ಹೊಗಳಿದ ಮೇಲೆ ಹಲ್ಲೆಣಿಸುವ ಕೆಲಸಕ್ಕೆ ಬರಬೇಕು. ಡಸ್ಟರಿನ ಹಲ್ಲು ಎಂದರೆ ಅದರ ಟೈಮಿಂಗ್ ಬೆಲ್ಟು. ಎಂಜಿನಿನ ಒಳಗೆ ಪಿಸ್ಟನ್ನುಗಳು ಮೇಲೆ ಬರುವ ಕ್ಷಣಕ್ಕೂ ವಾಲ್ವುಗಳು ತೆರೆದು ಮುಚ್ಚುವ ಕ್ಷಣಕ್ಕೂ ತಾಳ ತಪ್ಪಬಾರದು. ಈ ತಾಳವನ್ನು ಕೆಲವು ಎಂಜಿನುಗಳಲ್ಲಿ ಉಕ್ಕಿನ ಸರಪಳಿ ಕಾಯುತ್ತದೆ. ಡಸ್ಟರಿನ ಡೀಸಲಿನಲ್ಲಿ ಹಲ್ಲುಗಳುಳ್ಳ ರಬ್ಬರಿನ ಪಟ್ಟಿ. ರಬ್ಬರು ಓಡಿದರೂ ಸವೆಯುತ್ತದೆ, ಓಡದೆ ನಿಂತರೂ ವಯಸ್ಸಿಗೆ ಬಿರಿಯುತ್ತದೆ. ಆದ್ದರಿಂದಲೇ ಕೈಪಿಡಿಯಲ್ಲಿ ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಆಗ ಬದಲಿಸಬೇಕು ಎಂಬ ವಿಧಿಯಿದೆ. ಇದು ಹರಿಯುವ ಮುನ್ನ ಸಾಮಾನ್ಯವಾಗಿ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಹರಿದ ಮರುಗಳಿಗೆಯೇ ಪಿಸ್ಟನ್ನು ವಾಲ್ವಿಗೆ ಬಡಿದು, ಚೆನ್ನಾಗಿದ್ದ ಎಂಜಿನು ಗುಜರಿಗೆ ಸಮನಾಗುತ್ತದೆ. ಅದು ಘಾಟಿಯ ನಡುವೆ ಆದರೆ ಅಜ್ಜಿ, ಮಕ್ಕಳ ಪಾಡೇನು ಎಂಬುದನ್ನು ವಿವರಿಸಬೇಕಾಗಿಲ್ಲ.

"ಗಾಡಿ ಬರೀ 60,000 ಕಿಲೋಮೀಟರು ಓಡಿದೆ, ಬೆಲ್ಟಿನ ಚಿಂತೆ ಇಲ್ಲ" ಎಂದು ಮಾರುವವನು ಹೇಳುವುದುಂಟು. ಹತ್ತು ವರ್ಷ ಮುದುಕಾದ ಬೆಲ್ಟಿಗೆ ಆ ಸಮಾಧಾನ ಸಲ್ಲದು. ಬದಲಿಸಿದ್ದಕ್ಕೆ ದಿನಾಂಕವುಳ್ಳ ಬಿಲ್ಲು ಇರಬೇಕು, ಬಾಯಿಮಾತಿಗೆ ಬೆಲೆಯಿಲ್ಲ. ಬಿಲ್ಲಿಲ್ಲದಿದ್ದರೆ ಬೆಲ್ಟು ಹಳೆಯದೆಂದೇ ಭಾವಿಸಿ, ಅದನ್ನೂ ಅದರ ಟೆನ್ಷನರನ್ನೂ ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪನ್ನೂ ಒಟ್ಟಿಗೆ ಬದಲಿಸುವ ವೆಚ್ಚವನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಕೊಂಡ ವಾರದಲ್ಲೇ, ಯಾತ್ರೆಗೆ ಹೊರಡುವ ಮುನ್ನವೇ, ಈ ಕೆಲಸ ಆಗಬೇಕು.

ಎರಡನೆಯದು ಇದಕ್ಕಿಂತಲೂ ಗುರುತರವಾದ ವಿಷಯ. 2017ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಡಸ್ಟರನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಏರ್‌ಬ್ಯಾಗು ಇಲ್ಲದ ಗಾಡಿಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಚಾಲಕನಿಗೆ ಏರ್‌ಬ್ಯಾಗು ಇದ್ದ ಗಾಡಿಗೆ ಮೂರು. ಮೈ ಅದೇ, ಎಂಜಿನು ಅದೇ, ರಸ್ತೆಯಲ್ಲಿ ನೋಡಿದವರಿಗೆ ಎರಡೂ ಒಂದೇ. ಒಂದು ಚೀಲದ ವ್ಯತ್ಯಾಸ! ಕೆಳದರ್ಜೆಯ ಹಳೆಯ ಮಾದರಿಗಳು ಏರ್‌ಬ್ಯಾಗಿಲ್ಲದೆಯೇ ಮಾರಾಟವಾಗಿವೆ. ಹಳೆಯ ಗಾಡಿಯ ಪೇಟೆಯಲ್ಲಿ ಅವೇ ಅಗ್ಗ, ಅವೇ ಕಣ್ಣು ಕುಕ್ಕುವಂಥವು. ಎಷ್ಟೇ ಅಗ್ಗವಾಗಲಿ, ಸಂಸಾರ ಸಾಗಿಸುವವನು ಅವುಗಳ ತಂಟೆಗೆ ಹೋಗಬಾರದು. ಸ್ಟಿಯರಿಂಗಿನ ಮೇಲೂ ಎಡಗಡೆಯ ಡ್ಯಾಷ್‌ಬೋರ್ಡಿನ ಮೇಲೂ ಏರ್‌ಬ್ಯಾಗ್ ಎಂಬ ಅಚ್ಚು ಇರಬೇಕು. ಕೀಲಿ ತಿರುಗಿಸಿದಾಗ ಅದರ ಕೆಂಪು ದೀಪ ಹೊತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಅಪಘಾತದಲ್ಲಿ ಚೀಲ ಸಿಡಿದ ಮೇಲೆ ಮೇಲುಮುಚ್ಚಳವನ್ನಷ್ಟೇ ಕೂರಿಸಿರುವ ಸಂಭವವುಂಟು. 2019ರ ಜುಲೈನಲ್ಲಿ ಹೊಸ ಮುಖ ತೊಟ್ಟು ಬಂದ ಗಾಡಿಗಳಲ್ಲಿ ಎರಡು ಏರ್‌ಬ್ಯಾಗುಗಳೂ ಎ.ಬಿ.ಎಸ್. ಬ್ರೇಕೂ ಎಲ್ಲ ದರ್ಜೆಗೂ ಬಂದವು. ಅಲ್ಲಿಂದ 2020ರ ಮಾರ್ಚಿನವರೆಗಿನ ಡೀಸಲ್ ಗಾಡಿ ಸಿಕ್ಕರೆ ಅದೃಷ್ಟ. ಸಿಗದಿದ್ದರೆ 2016ರ ನಂತರದ ಮೇಲುದರ್ಜೆಯದನ್ನು ನೋಡಬಹುದು.

ಗಾಡಿಯನ್ನು ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಬೇಕು. ಬಾನೆಟ್ಟಿನ ಮೇಲೆ ಅಂಗೈ ಇಟ್ಟಾಗ ಬೆಚ್ಚಗಿದ್ದರೆ, ಕೊಳ್ಳುವವನು ಬರುವ ಮೊದಲೇ ಎಂಜಿನನ್ನು ಕಾಯಿಸಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿರುವಾಗ ಡೀಸಲ್ ಎಂಜಿನು ಹೇಳುವ ಸತ್ಯವನ್ನು ಬಿಸಿಯಾದಾಗ ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಎಂಜಿನು ತನ್ನ ಎಣ್ಣೆಯನ್ನೇ ಸುಡುತ್ತಿದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಅಚ್ಚು ಇರುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೀಟರು 40,000 ತೋರಿಸುತ್ತಿದ್ದು ಕ್ಲಚ್ಚಿನ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಪೆಡಲನ್ನೇ ನಂಬಬೇಕು. ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ನೀರಿನಲ್ಲಿ ಮುಳುಗಿ ಎದ್ದ ಗಾಡಿಯಾದರೆ ಒಳಗಣ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2015ರಲ್ಲಿ ಚೆನ್ನೈ ಮುಳುಗಿತು, 2022ರಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮುಳುಗಿದವು. ಆ ಗಾಡಿಗಳೆಲ್ಲ ಎಲ್ಲಿಗೋ ಹೋಗಿರಲೇಬೇಕಲ್ಲ! ಕಡೆಗೆ ಕಿಟಕಿ ಇಳಿಸಿಕೊಂಡು ಮೂರನೆಯ ದರ್ಜೆಯ ಒಂದು ರಸ್ತೆಯಲ್ಲಿ ಮೆಲ್ಲಗೆ ಓಡಿಸಬೇಕು. ಗಟ್ಟಿ ಸಸ್ಪೆನ್ಷನ್ನಿಗೆ ಹೆಸರಾದ ಗಾಡಿ ಕಟಕಟ ಎಂದರೆ, ಹಿಂದಿನ ಒಡೆಯ ಆ ಹೆಸರನ್ನು ಅತಿಯಾಗಿ ನಂಬಿ ಓಡಿಸಿದ್ದಾನೆಂದು ತಿಳಿಯಬೇಕು.

ಕಾಗದಪತ್ರಗಳಲ್ಲಿ ಮುಖ್ಯವಾದುದು ತಾರೀಖು. ಖಾಸಗಿ ಕಾರಿನ ನೋಂದಣಿಯ ಅವಧಿ ಹದಿನೈದು ವರ್ಷ. 2012ರ ಮೊದಲ ಡಸ್ಟರುಗಳ ಅವಧಿ 2027ಕ್ಕೆ ಮುಗಿಯುತ್ತದೆ. ಅನಂತರ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲಿನಿಂದ 5,000ಕ್ಕೆ ಏರಿಸಲಾಯಿತು. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸಲ್ ಗಾಡಿಗಳ ಮೇಲೆ ನಿರ್ಬಂಧ ಬಂದಾಗಿನಿಂದ ಅಲ್ಲಿಯ ಗಾಡಿಗಳು ಸೋವಿಯಾಗಿ ದಕ್ಷಿಣಕ್ಕೆ ಹರಿದುಬಂದಿವೆ. ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಭಾರವಾದ ಆಜೀವ ತೆರಿಗೆ ಕಟ್ಟುವಷ್ಟರಲ್ಲಿ ಉಳಿತಾಯವೆಲ್ಲ ಕರಗಿರುತ್ತದೆ. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ಹೆಸರು ಆರ್.ಸಿ.ಯಿಂದ ಅಳಿದಿರಬೇಕು; ಅದಕ್ಕೆ ಫಾರಂ 35. ಒಡೆತನ ಬದಲಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ಹೊಸ ಒಡೆಯನ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು; ಹಳೆಯ ಒಡೆಯ ಗಳಿಸಿದ್ದ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅದು ಆತನದೇ. ಸಂಚಾರಿ ಪೊಲೀಸರ ಬಾಕಿ ದಂಡಗಳನ್ನೂ ಗಾಡಿಯ ನಂಬರು ಕೊಟ್ಟು ನೋಡಿಕೊಳ್ಳತಕ್ಕದ್ದು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡದಲ್ಲಿ ಅರ್ಧ ರಿಯಾಯಿತಿ ಸಾರಿದಾಗ ಕಟ್ಟಲು ಜನ ಸಾಲುಗಟ್ಟಿ ನಿಂತಿದ್ದರು. ಆಗಲೂ ಕಟ್ಟದೆ ಉಳಿಸಿಕೊಂಡವರು ಈಗ ಗಾಡಿ ಮಾರುತ್ತಿರಬಹುದು.