ಟಿವಿ ಬರುವ ಮೊದಲೇ ಹೋದ ಸದಲಗಾದ ಪಂಡಿತರು

ದೂರದರ್ಶನದ ಹಳೆಯ ಸಂದರ್ಶನಗಳಲ್ಲಿ ನನಗೆ ಬಹಳ ಹಿಡಿಸುವುದು ಅವುಗಳ ನಿಧಾನ. ಎರಡು ಕುರ್ಚಿ, ಹಿಂದೊಂದು ಪರದೆ, ಎದೆಯ ಮೇಲೆ ಸಣ್ಣ ಮೈಕು. ಪ್ರಶ್ನೆ ಕೇಳಿದವರು ಸುಮ್ಮನಾಗುತ್ತಾರೆ. ವಿದ್ವಾಂಸರು ಒಂದು ಮಾತು ಎತ್ತಿ, ಅದು ಸರಿಬರದೆ ಬಿಟ್ಟು, ಇನ್ನೊಂದನ್ನು ಹುಡುಕುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಪುಸ್ತಕದಲ್ಲಿ ತೀರ್ಮಾನವಷ್ಟೇ ಸಿಗುತ್ತದೆ. ಅದಕ್ಕೂ ಮುಂಚಿನ ತಡವರಿಕೆ ಕಾಣುವುದು ಇಲ್ಲಿ.

ಅಥಣಿ ತಾಲ್ಲೂಕಿನ ನಮ್ಮ ಸತ್ತಿಯಲ್ಲಿ ಇವನ್ನು ನೋಡಲು ರಾತ್ರಿಯೇ ಒಳ್ಳೆಯ ಹೊತ್ತು. ಕರೆಂಟ್ ಬಂದ ಮೇಲೆ ಮೋಟರ್ ಚಾಲೂ ಮಾಡಿ, ಕಬ್ಬಿನ ಸಾಲು ತುಂಬುವವರೆಗೆ ಒಡ್ಡಿನ ಮೇಲೆ ಕೂತಿರಬೇಕು. ಮೊಬೈಲಿನಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಮಾತು ಕೇಳಿಸಿದರೆ ಪಕ್ಕದ ಹೊಲದ ಕಾಕಾನೂ ಬಂದು ಕೂಡುತ್ತಾರೆ. “ಇವ್ರು ನಮ್ಮ ಕಡ್ಯಾವ್ರ ಅದಾರೇನೋ ತಮ್ಮಾ?” ಎಂದು ಒಮ್ಮೆ ಕೇಳಿದರು. ಹೌದು, ಸಿಂದಗಿ ಕಡೆಯವರು. ಶಾಸನ, ವಚನಗಳ ವಿಷಯ ತಲೆಗೆ ಹತ್ತುವ ಮೊದಲೇ ಆ ಧಾಟಿ ಕಿವಿಗೆ ಒಗ್ಗುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಮುಗಿಯದ ಆ ಮಾತು ಕೇಳುವಾಗ ದುಃಖಕ್ಕಿಂತ ಸಿಟ್ಟೇ ಮುಂದೆ ಬರುತ್ತದೆ.

ಕಲಬುರ್ಗಿಯವರ ಮಾತಾದರೂ ಉಳಿದಿದೆ, ಎಲ್ಲರದೂ ಹಾಗೆ ಉಳಿದಿಲ್ಲ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಕವಿ ಬೇಂದ್ರೆ ತೀರಿಕೊಂಡದ್ದೂ ಅದೇ ವರ್ಷ. ಗಿರೀಶ ಕಾರ್ನಾಡರು ಮೊದಲೇ ಸಾಕ್ಷ್ಯಚಿತ್ರ ಮಾಡಿಟ್ಟಿದ್ದರಿಂದ ಬೇಂದ್ರೆಯವರ ಮುಖ, ದನಿ ನಮಗೆ ಉಳಿದವು. ಆದರೆ ನಮ್ಮದೇ ಸೀಮೆಯ ಪ್ರಾಕೃತ ವಿದ್ವಾಂಸ ಆ.ನೇ. ಉಪಾಧ್ಯೆಯವರು 1975ರಲ್ಲೇ ಹೋಗಿಬಿಟ್ಟರು.

1906ರಲ್ಲಿ ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿದವರು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಪ್ರಾಕೃತ ಕಲಿಸುತ್ತಲೇ ಕುಂದಕುಂದಾಚಾರ್ಯರ ‘ಪ್ರವಚನಸಾರ’, ಉದ್ದ್ಯೋತನಸೂರಿಯ ‘ಕುವಲಯಮಾಲಾ’ದಂಥ ಗ್ರಂಥಗಳನ್ನು ಸಂಪಾದಿಸಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕೊನೆಗಾಲದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಕಲಿಸಿದರು. ಇಷ್ಟು ದೊಡ್ಡ ವಿದ್ವಾಂಸರ ಹೆಸರು ಸದಲಗಾದಿಂದ ಬಸ್ಸಿನ ದಾರಿಯಷ್ಟೇ ದೂರದ ನಮ್ಮೂರಿನ ಹುಡುಗರಿಗೆ ಗೊತ್ತಿಲ್ಲ ಎಂಬುದು ನನ್ನನ್ನು ಕೊರೆಯುತ್ತದೆ.

ಗ್ರಂಥ ಸಂಪಾದನೆ ತಾಳ್ಮೆಯ ಕೆಲಸ. ಒಂದು ಹಸ್ತಪ್ರತಿಯಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಇನ್ನೊಂದು. ಯಾವುದು ಕವಿಯದು, ಯಾವುದು ಲಿಪಿಕಾರನ ಕೈತಪ್ಪು? ಅಚ್ಚಾದ ಪುಟದಲ್ಲಿ ಆರಿಸಿದ ಪಾಠ ಮೇಲಿರುತ್ತದೆ, ಉಳಿದವು ಅಡಿಟಿಪ್ಪಣಿಗೆ ಇಳಿಯುತ್ತವೆ. ಆರಿಸುವಾಗಿನ ಗೊಂದಲವನ್ನು ಉಪಾಧ್ಯೆಯವರ ಬಾಯಿಂದಲೇ ಕೇಳುವಂತಿದ್ದರೆ!

ಮೈಸೂರಿನಲ್ಲಿ ಅವರ ಪಾಠ ಕೇಳಿದ ವಿದ್ಯಾರ್ಥಿಗಳಿಗೆ ಈಗ ಎಪ್ಪತ್ತು ದಾಟಿರಬೇಕು. ಚಿಕ್ಕೋಡಿ, ಅಥಣಿ, ನಿಪ್ಪಾಣಿಯ ಕಾಲೇಜುಗಳ ಕನ್ನಡ ವಿಭಾಗದವರು ಈ ವರ್ಷವೇ ಅಂಥವರನ್ನು ಹುಡುಕಿ ಹೋಗಲಿ. ಎದುರಿಗೊಂದು ಮೊಬೈಲ್ ನಿಲ್ಲಿಸಿ ಇದನ್ನೇ ಮೊದಲು ಕೇಳಲಿ: ಎರಡು ಪಾಠಗಳೂ ಸರಿಯೆನಿಸಿದಾಗ ನಿಮ್ಮ ಗುರುಗಳು ಏನು ಮಾಡುತ್ತಿದ್ದರು?